ಜೋಳವಾಳಿಯೂ ಪಂಪನ ಕರ್ಣನೂ

ಹೊಟ್ಟೆಯ ಪಾಡಿಗಾಗಿ ದುಡಿಯಲೇಬೇಕಾದವನು ದಾಸನೇ? ಈ ಪ್ರಶ್ನೆಯನ್ನು 10ನೆಯ ಶತಮಾನದ 'ವಿಕ್ರಮಾರ್ಜುನವಿಜಯ'ದ ಮುಂದಿಟ್ಟು ನೋಡಬಹುದಾಗಿದೆ. ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಕಾವ್ಯವನ್ನು ರಚಿಸಿದೆನೆಂದ ಪಂಪನು ಸ್ವತಃ ಅರಿಕೇಸರಿಯ ಆಶ್ರಿತ. ಧರ್ಮಪುರವೆಂಬ ಅಗ್ರಹಾರವನ್ನು ಅವನಿಂದ ಪಡೆದವನು.

ನಮ್ಮ ಶಾಸನಗಳಲ್ಲಿ ಜೋಳವಾಳಿ, ಲೆಂಕವಾಳಿ ಎಂಬ ಮಾತುಗಳುಂಟು. ಉಂಡ ಜೋಳದ ಋಣವನ್ನು ಪ್ರಾಣವಿತ್ತು ತೀರಿಸುವುದು ಮೊದಲನೆಯದು; ಒಡೆಯನೊಡನೆಯೇ ಸಾಯುವೆನೆಂಬ ಸೇವಕನ ಭಾಷೆ ಎರಡನೆಯದು. ಕರ್ಣನದು ಜೋಳವಾಳಿಗೆ ಸಮೀಪವಾದ ನಡೆ. ಕೃಷ್ಣನಿಂದ ತನ್ನ ಜನ್ಮವೃತ್ತಾಂತವನ್ನು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡಲೊಲ್ಲನು. ಇದನ್ನು ದಾಸ್ಯವೆಂದರೆ ನಾವು ಒಪ್ಪಲಾರೆವು. ಬಿಟ್ಟುಹೋಗುವ ದಾರಿ ಅವನೆದುರು ತೆರೆದೇ ಇತ್ತು, ಅದೂ ರಾಜ್ಯಸಮೇತವಾಗಿ.

ಕವಿಯೂ ಹಾಗೆಯೇ. ಒಡೆಯನನ್ನು ಅರ್ಜುನನೊಡನೆ ಅಭೇದವಾಗಿ ಹೊಗಳಬೇಕಾದ ಕಾವ್ಯದಲ್ಲಿಯೇ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಬೇಕೆಂದು ಹೇಳುವ ಧೈರ್ಯ ಅವನಿಗಿತ್ತು. (ಸಂಬಳದ ಅಧ್ಯಾಪಕರಾದ ನಮಗೆ ಇದು ತುಸು ಮುಜುಗರವನ್ನೂ ತರುತ್ತದೆ.)

ಆದರೆ ಈ ವಾದವನ್ನು ಬೆಟಗೇರಿಯ ಮಗ್ಗದವರೆಗೆ ಎಳೆಯುವಾಗ ಎಚ್ಚರ ಬೇಕು. ಮಾಲೀಕನಿಂದ ನೂಲು ಪಡೆದು ಮಜೂರಿಗೆ ನೇಯುವವನು ಮುಂಗಡದ ಸಾಲದಲ್ಲಿ ಸಿಕ್ಕಿಕೊಂಡರೆ ಇನ್ನೊಬ್ಬರಲ್ಲಿಗೆ ಹೋಗಲಾರ. ಕರ್ಣನ ಋಣಕ್ಕೆ ಕರ್ಣನೇ ಸಾಕ್ಷಿ. ಇವನ ಋಣದ ಲೆಕ್ಕವಿರುವುದು ಇನ್ನೊಬ್ಬನ ವಹಿಯಲ್ಲಿ. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಅಧಿನಿಯಮವೂ ಜೀತವನ್ನು ಗುರುತಿಸುವುದು ಬರಿಯ ದುಡಿಮೆಯಿಂದಲ್ಲ, ಸಾಲದ ದೆಸೆಯಿಂದ ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯ ತಪ್ಪುವುದೇ ಮೊದಲಾದುವುಗಳಿಂದ. ಜೋಳವಾಳಿಯನ್ನು ಸ್ವಾಮಿನಿಷ್ಠೆಯೆಂದಷ್ಟೇ ತರಗತಿಗಳಲ್ಲಿ ಕೊಂಡಾಡುವಾಗ ಈ ಭೇದವೇ ಮರೆಯಾಗುತ್ತದೆ.