ಹೋಗುವಾಗ ತುಂಗೆ, ಬರುವಾಗ ಭದ್ರೆ

ನಮ್ಮ ರಾಣೆಬೆನ್ನೂರು ಕಡೆಯಿಂದ ಕುದುರೆಮುಖಕ್ಕೆ ಹೊರಟವರು ಪುಣೆ–ಬೆಂಗಳೂರು ಹೆದ್ದಾರಿ ಹತ್ತಿ ಹರಿಹರದಲ್ಲಿ ತಿರುಗುತ್ತಾರೆ. ಬೇಗ ಮುಟ್ಟಬಹುದು, ಏನೂ ಕಾಣುವುದಿಲ್ಲ. ರಸ್ತೆಯ ರುಚಿ ಹತ್ತಿದವರು ಕುಪ್ಪೇಲೂರಿನಿಂದ ತುಮ್ಮಿನಕಟ್ಟಿ ಮೇಲೆ ಹೊನ್ನಾಳಿಗೆ ಇಳಿಯಬೇಕು. ತಗ್ಗುಗಳಿವೆ, ಒಕ್ಕಣೆ ಕಾಲದಲ್ಲಿ ಅರ್ಧ ರಸ್ತೆ ಗೋವಿನಜೋಳದ ಪಾಲು. ಇರಲಿ.

1956ರ ತನಕ ಈ ಕಡೆ ಮುಂಬೈ, ಆ ಕಡೆ ಮೈಸೂರು. ಗಡಿ ಅಳಿಸಿ ಎಷ್ಟೋ ಕಾಲವಾದರೂ ನಾಲಿಗೆಗೆ ಇನ್ನೂ ಗೊತ್ತಾಗುತ್ತದೆ: ಹೊನ್ನಾಳಿ ದಾಟಿದರೆ ಖಾನಾವಳಿ ಬೋರ್ಡು ವಿರಳ, ಖಡಕ್ ರೊಟ್ಟಿ ಇನ್ನೂ ವಿರಳ. ಎರೆ ಹೊಲ ಹೋಗಿ ಗದ್ದೆ, ತೋಟ ಬರುತ್ತವೆ.

ಅಲ್ಲಿಂದ ಹೊಳೆಗೆ ಎದುರಾಗಿ ನಡೆಯುವುದೇ ಈ ದಾರಿಯ ಸೊಗಸು. ಕೂಡ್ಲಿಯಲ್ಲಿ ತುಂಗಭದ್ರೆ ಎರಡಾಗುತ್ತಾಳೆ. ನಾವು ತುಂಗೆಯ ಬೆನ್ನು ಹತ್ತಬೇಕು. ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಶೃಂಗೇರಿ. ತನಿಕೋಡು ಗೇಟಿನಲ್ಲಿ ಗಾಡಿ ನಂಬರು, ಹೊತ್ತು ಬರೆದ ಚೀಟಿ ಕೈಗೆ ಬರುತ್ತದೆ. ಕಾಡಿನೊಳಗೆ ಕಂಡಕಂಡಲ್ಲಿ ನಿಲ್ಲುವಂತಿಲ್ಲ. ಗೊಣಗುವವರಿದ್ದಾರೆ, ನನಗೆ ಈ ಚೀಟಿ ಬಲು ಇಷ್ಟ. ಸಿಂಗಳೀಕಗಳು ರಸ್ತೆ ದಾಟುವ ಜಾಗದಲ್ಲಿ ನಮ್ಮ ಚುರುಮುರಿ ಪೊಟ್ಟಣಕ್ಕೇನು ಕೆಲಸ?

ಎಸ್.ಕೆ. ಬಾರ್ಡರಿನಲ್ಲಿ ರಾಷ್ಟ್ರೀಯ ಹೆದ್ದಾರಿ ಬಲಕ್ಕೆ ಮಾಳ, ಕಾರ್ಕಳದತ್ತ ಇಳಿದುಹೋಗುತ್ತದೆ. ಎಡಕ್ಕೆ ಉಳಿಯುವುದೇ ನಮ್ಮ ರಾಜ್ಯ ಹೆದ್ದಾರಿ, ಕಿರಿದು, ತಿರುವು ಮೇಲೆ ತಿರುವು. ಇದನ್ನು ಅಗಲ ಮಾಡುವ ಮಾತೆತ್ತಿದವರನ್ನು ಒಂದು ಆಷಾಢ ಇಲ್ಲಿ ಕೂರಿಸಬೇಕು. ವರ್ಷಕ್ಕೆ ಆರೇಳು ಸಾವಿರ ಮಿ.ಮೀ. ಮಳೆ ಸುರಿಯುವ ಗುಡ್ಡ. ಹುಲ್ಲು, ಶೋಲಾ ಕಾಡು ಅದನ್ನು ಹೀರಿಟ್ಟುಕೊಂಡು ಸಾವಕಾಶ ಬಿಡುವುದರಿಂದಲೇ ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ. ಗುಡ್ಡ ಕೊರೆದರೆ ಏನಾಗುತ್ತದೆಂದು ಈ ಸೀಮೆಗೆ ಗೊತ್ತು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಕಬ್ಬಿಣದ ಅದಿರು ತೆಗೆದರು. ಸುಪ್ರೀಂ ಕೋರ್ಟ್ ಆದೇಶದಿಂದ ಅದು ನಿಂತದ್ದು 2005ರ ಕೊನೆಗೆ. ಅಷ್ಟು ಕಾಲ ಭದ್ರೆ ಹೂಳು ಹೊತ್ತು ಹರಿದಳು. ಆ ಹೂಳು ಕೊನೆಗೆ ತುಂಗಭದ್ರೆಯ ಪಾಲಿನದು, ಅಂದರೆ ನಮ್ಮದೇ.

ರಸ್ತೆಗೆ ತಾಗಿಕೊಂಡೇ ಕಡಾಂಬಿ ಅಬ್ಬಿ. ಮುಂದೆ ಗಂಗಾಮೂಲದ ಗುಡ್ಡ: ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಇಲ್ಲೇ. ನೇತ್ರಾವತಿ ಪಡುವಣಕ್ಕೆ ಹೊರಳಿ ಮಂಗಳೂರಿನ ಕಡಲಿಗೆ ಹೋಗುತ್ತಾಳೆ. ಉಳಿದಿಬ್ಬರು ನಮ್ಮ ಕಡೆಯವರು.

ಬಂದ ದಾರಿಯಲ್ಲೇ ಮರಳುವುದು ಪೆಟ್ರೋಲಿನ ದಂಡ. ಕಳಸ, ಬಾಳೆಹೊನ್ನೂರು, ನರಸಿಂಹರಾಜಪುರ, ಭದ್ರಾವತಿ ಎಂದು ಭದ್ರೆಯ ಜೊತೆ ಇಳಿಯಿರಿ. ದಸರೆ ಕಳೆದ ಮೇಲೆ ಹೊರಟರೆ ಒಳ್ಳೆಯದು. ಮಳೆ ಹಿಂದಾಗಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ.