ಅರ್ಧ ಉರಿಯುವ ಸರ

ಹೋದ ಡಿಸೆಂಬರ್‌ನಲ್ಲಿ ಬೆಟಗೇರಿಯ ಗೆಳೆಯನ ಮನೆಗೆ ಹೋಗಿದ್ದೆ. ಕ್ರಿಸ್‌ಮಸ್‌ಗೆ ನಾಲ್ಕೇ ದಿನ. ಮಾಳಿಗೆ ಮೇಲೆ ನಕ್ಷತ್ರ ಏರಿತ್ತು. ಆದರೆ ಬಾಗಿಲ ಸುತ್ತ ಕಟ್ಟಿದ್ದ ಲೈಟಿನ ಸರ ಅರ್ಧ ಮಾತ್ರ ಉರಿಯುತ್ತಿತ್ತು. ಗೆಳೆಯನ ಅಪ್ಪನಿಗೆ ನಾವೆಲ್ಲ ಕಾಕಾ ಅಂತೀವಿ. ನನ್ನ ನೋಡಿದ್ದೇ, “ಬಾರಪಾ ಇಂಜಿನಿಯರ, ಬಿಇ ಮಾಡೀದಿ, ಇದೊಂದ ನೋಡು” ಅಂದರು.

ನೋಡಿದೆ. ಹಿಂದಿನ ವರ್ಷವಷ್ಟೇ 150 ರೂಪಾಯಿಗೆ ತಂದದ್ದು. ಡಬ್ಬಿ ಬಿಚ್ಚೋಣ ಅಂದರೆ ಸ್ಕ್ರೂ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ. ಎಲ್‌ಇಡಿ ತೆಗೆಯೋಣ ಅಂದರೆ ಹೋಲ್ಡರ್ ಇಲ್ಲ, ವೈರಿಗೇ ಬೆಸುಗೆ ಹಾಕಿ ಮೇಲೆ ಪ್ಲಾಸ್ಟಿಕ್ ತೊಡಿಸಿದ್ದಾರೆ. ಇದನ್ನು ತಯಾರಿಸಿದವರಿಗೆ ಇದು ಕೆಡುತ್ತದೆ ಅಂತ ಗೊತ್ತಿತ್ತು. ಸರಿ ಮಾಡಲು ಯಾರಾದರೂ ಕೂರುತ್ತಾರೆ ಅನ್ನೋದು ಮಾತ್ರ ಅವರ ಲೆಕ್ಕದಲ್ಲೇ ಇರಲಿಲ್ಲ.

ಬಾಸೆಲ್ ಮಿಷನ್ ಬೆಟಗೇರಿಗೆ ಬಂದದ್ದು 1841ರಲ್ಲಿ. ಕ್ರಿಸ್‌ಮಸ್ ಇಲ್ಲಿ ಮಾಲ್‌ಗಳಿಂದ ಕಲಿತ ಹಬ್ಬ ಅಲ್ಲ. ಹಾಗೇ ಲೈಟಿನ ಸರವೂ ನಮ್ಮ ಕಡೆ ಒಂದೇ ಹಬ್ಬದ್ದಲ್ಲ. ಗಣಪತಿ ಮಂಟಪಕ್ಕೆ ಕಟ್ಟಿದ್ದು ದೀಪಾವಳಿಗೆ ಆಕಾಶಬುಟ್ಟಿಯ ಜೊತೆ ಏರುತ್ತಿತ್ತು, ಡಿಸೆಂಬರ್‌ನಲ್ಲಿ ಕಾಕಾನ ಓಣಿಗೆ ಬರುತ್ತಿತ್ತು. ಒಂದು ಸರ ಹೀಗೆ ಮನೆಯಿಂದ ಮನೆಗೆ ಹೋಗಲು ಅದು ರಿಪೇರಿ ಆಗುವಂಥದ್ದು ಆಗಿರಬೇಕಿತ್ತು.

ಕಾಕಾನ ಹತ್ತಿರ ಹಳೆಯ ಸರ ಇನ್ನೂ ಇದೆ, ಬೂಟಿನ ಡಬ್ಬಿಯಲ್ಲಿ. ಸುಮಾರು 6 ವೋಲ್ಟಿನ 38 ಬಲ್ಬು, ಒಂದರ ಹಿಂದೆ ಒಂದು. 38ನ್ನು 6ರಿಂದ ಗುಣಿಸಿದರೆ 228, ಅಂದರೆ ಮನೆಯ 230 ವೋಲ್ಟಿಗೆ ಸರಿಹೋಯಿತು. ಒಂದು ಹೋದರೆ ಎಲ್ಲ ಆರಿತು. ಆದರೆ ಹುಡುಕುವ ದಾರಿ ಇತ್ತು: ಪ್ಲಗ್ ಕಿತ್ತು, ಒಂದು ಬಲ್ಬಿನ ಜಾಗಕ್ಕೆ ಒಳ್ಳೆಯ ಬಲ್ಬು ಹಾಕಿ, ಮತ್ತೆ ಪ್ಲಗ್ ಹಚ್ಚಿ ನೋಡೋದು. ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಸರದ ನಡುವೆ ಹಿಡಿದು ಯಾವ ಅರ್ಧದಲ್ಲಿ ತಪ್ಪಿದೆ ಅಂತ ನೋಡುತ್ತಾ ಹೋದರೆ, ಆರು ಸಲಕ್ಕೆ ಹೋದ ಬಲ್ಬು ಸಿಗುತ್ತೆ. ನಾವು ಆಫೀಸಿನಲ್ಲಿ ಬೈನರಿ ಸರ್ಚ್ ಅಂತ ದೊಡ್ಡದಾಗಿ ಹೇಳೋದು ಇದನ್ನೇ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಬಲ್ಬು ಸಿಗದಿದ್ದಾಗ ಎಲ್ಲರೂ ಮಾಡುತ್ತಿದ್ದದ್ದು ಒಂದೇ: ಎರಡು ವೈರು ಕೂಡಿಸಿ ಆ ಜಾಗ ಶಾರ್ಟ್ ಮಾಡೋದು. ಹೀಗೆ ಆರು ಬಲ್ಬು ತೆಗೆದರೆ ಉಳಿದ 32ರ ಮೇಲೆ ತಲಾ 7 ವೋಲ್ಟಿಗೂ ಮೇಲೆ ಬೀಳುತ್ತೆ, ಅವೂ ಬೇಗ ಸುಟ್ಟುಹೋಗುತ್ತವೆ. ‘ಈಗ ನಡೀಲಿ, ಆಮೇಲೆ ನೋಡೋಣ’ ಅಂತ ಕೋಡ್ ಬರೆಯುವ ನಮಗೆ ಇದು ಗೊತ್ತಿರುವ ಕಥೆಯೇ. ಟೇಪ್ ಬಿಚ್ಚಿದ ಜಾಯಿಂಟುಗಳ ಶಾಕ್ ಬೇರೆ. ಕರೆಂಟಿನ ಖರ್ಚು, ಬಿಸಿ, ಬಾಳಿಕೆ, ಯಾವ ಲೆಕ್ಕದಲ್ಲಿ ನೋಡಿದರೂ ಎಲ್‌ಇಡಿಯೇ ಮೇಲು.

ಆದರೆ ಎಲ್‌ಇಡಿ ಅಂದರೆ ಶಾಕ್ ಇಲ್ಲ ಅನ್ನುವ ನಂಬಿಕೆ ಇದೆಯಲ್ಲ, ಅದು ಅಪಾಯದ್ದು. ಇಂಥ ಅಗ್ಗದ ಸರಗಳ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಇರಲ್ಲ. ನಾಲ್ಕು ಡಯೋಡು ಗೋಡೆಯ ಕರೆಂಟನ್ನೇ ಡಿಸಿ ಮಾಡಿ ಸರಕ್ಕೆ ಬಿಡುತ್ತವೆ. ವೈರು ತುಂಡಾದ ಕಡೆ ಮುಟ್ಟಿದರೆ ಹೊಡೆಯೋದು ಮೂರು ವೋಲ್ಟಲ್ಲ. ಸಣ್ಣ ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ ಕಟ್ಟುವವರು ಇದನ್ನು ನೆನಪಿಡಬೇಕು.

ಪ್ಲಗ್ ಕಿತ್ತು ರಿಪೇರಿಗೆ ಕೂತೆ. 25ರ ನಾಲ್ಕು ಸಾಲು, ಎರಡು ಸತ್ತಿದ್ದವು. ಇಲ್ಲಿ ಅರ್ಧ ಅರ್ಧ ಮಾಡುವ ಉಪಾಯ ನಡೆಯಲಿಲ್ಲ. ಮಲ್ಟಿಮೀಟರಿನ ಸಣ್ಣ ವೋಲ್ಟೇಜು ಸಾಲಾಗಿರುವ ಹತ್ತಾರು ಎಲ್‌ಇಡಿ ದಾಟಲ್ಲ. 3 ವೋಲ್ಟಿನ ಬಟನ್ ಸೆಲ್ ತಗೊಂಡು, ಪ್ರತಿ ಎಲ್‌ಇಡಿಯ ಎರಡೂ ಕಡೆ ವೈರಿಗೆ ಗುಂಡುಸೂಜಿ ಚುಚ್ಚಿ ಒಂದೊಂದೇ ನೋಡಿದೆ. ಮಂದವಾಗಿ ಹತ್ತಿದರೆ ಜೀವಂತ. ಹತ್ತದಿದ್ದರೆ ಸೆಲ್ ತಿರುವಿ ಇನ್ನೊಮ್ಮೆ. ಹದಿನೇಳನೆಯದರ ಕಾಲು ತುಕ್ಕು ಹಿಡಿದು ಮುರಿದಿತ್ತು. ಒಗೆಯಲು ಇಟ್ಟಿದ್ದ ಇನ್ನೊಂದು ಸರದಿಂದ ಅದೇ ಬಣ್ಣದ್ದು ಕಿತ್ತು ಬೆಸುಗೆ ಹಾಕಿದೆ. ಚುಚ್ಚಿದ ಕಡೆಗೆಲ್ಲ ಟೇಪು ಸುತ್ತಿದೆ. ಒಂದು ಸಾಲು ಹತ್ತಿತು. ಇನ್ನೊಂದು ಸಾಲಿನ ಇಪ್ಪತ್ತೈದೂ ಸೆಲ್ಲಿಗೆ ಹತ್ತಿದವು. ಅಂದರೆ ತಪ್ಪು ಇರೋದು ಆ ಅಂಟಿನ ಡಬ್ಬಿಯಲ್ಲೇ. ಅಲ್ಲಿಗೆ ನಾನು ಸೋತೆ. ಮೂರು ತಾಸು ಹೋಗಿತ್ತು.

“150 ರೂಪಾಯಿಗೆ ಹೊಸಾದು ಬರ್ತೈತಲೇ” ಅಂತ ಗೆಳೆಯ ನಕ್ಕ. ಅವನ ಲೆಕ್ಕ ಸರಿ. ನನ್ನ ಮೂರು ತಾಸಿನ ಸಂಬಳಕ್ಕೆ ಇಡೀ ಓಣಿಗೆ ಸರ ತರಬಹುದು. ನನ್ನ ತಕರಾರು ಆ ಬೆಲೆಯ ಬಗ್ಗೆಯೇ. ಡಬ್ಬಿಗೆ ಎರಡು ಸ್ಕ್ರೂ ಹಾಕದೆ ಉಳಿಸಿದ ಹಣವೂ ಅದರಲ್ಲೇ ಇದೆ. ಕಸದ ಗುಂಡಿಯ ಖರ್ಚು ಮಾತ್ರ ಅದರಲ್ಲಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಟ್ರ್ಯಾಕ್ಟರು, ಮೊಬೈಲು, ಫ್ರಿಜ್ಜು, ಕಾರುಗಳ ಬಗ್ಗೆ ಅಲ್ಲಿ ಮಾತಿದೆ. 150 ರೂಪಾಯಿಯ ವಸ್ತುವಿಗೆ ಹಕ್ಕು ಕೇಳೋಕೆ ನಮಗೇ ನಾಚಿಕೆ. ಆದರೆ ವರ್ಷ ವರ್ಷ ಒಗೆಯೋದು ಇಂಥವನ್ನೇ ಅಲ್ವಾ?

ನೀವು ಮುಂದಿನ ಸಲ ಸರ ತರುವಾಗ ಮೂರು ನೋಡಿ. ಲೋ ವೋಲ್ಟೇಜ್ ಅಡಾಪ್ಟರಿನದ್ದಾ? ಡಬ್ಬಿಗೆ ಸ್ಕ್ರೂ ಇದೆಯಾ? ಜೊತೆಗೆ ಸ್ಪೇರ್ ಬಲ್ಬು ಕೊಟ್ಟಿದ್ದಾರಾ? ಮೂರೂ ಇರುವುದು ಸಿಗದಿರಬಹುದು. ಆದರೂ ಅಂಗಡಿಯವರನ್ನು ಕೇಳಿ. ಯಾರೂ ಕೇಳದ್ದನ್ನು ಅವರು ಯಾಕೆ ತರಿಸುತ್ತಾರೆ?

ಆ ರಾತ್ರಿ ಬಾಗಿಲ ಸುತ್ತ ಮುಕ್ಕಾಲು ಸರ ಉರಿಯಿತು. ಆರಿದ ಸಾಲನ್ನು ಕಾಕಾ ತೋರಣದ ಹಿಂದೆ ಮರೆಮಾಡಿದರು. ನಾನು ಕಿತ್ತಿಟ್ಟಿದ್ದ ಇನ್ನೂ ಐದಾರು ಎಲ್‌ಇಡಿಗಳನ್ನು ಆರಿಸಿ ಬೂಟಿನ ಡಬ್ಬಿಗೆ ಹಾಕುತ್ತಾ, “ಮುಂದಿನ ವರ್ಷಾನೂ ಬರ್ತೀಯಲ್ಲಪಾ?” ಅಂದರು.