ಬಿಸಿಲು ಹಿಡಿಯುವ ಗಾಜಿಗೆ ಗಾಡಿಯಲ್ಲಿ ಜಾಗವೆಲ್ಲಿ?

ಕಾರಿನ ಹಿಂದೆ ಕ್ಯಾಂಪರ್ ಟ್ರೈಲರ್ ಎಳೆದುಕೊಂಡು ಊರೂರು ಸುತ್ತುವವರು ನಮ್ಮಲ್ಲಿ ಇನ್ನೂ ಕಡಿಮೆಯೇ. ಆದರೆ ಟೆಂಪೊ ಟ್ರಾವೆಲರ್ ಒಳಗೆ ಹಾಸಿಗೆ, ಒಲೆ, ಫ್ರಿಜ್ ಕೂರಿಸಿಕೊಂಡವರು, ಬೆಂಗಳೂರಿನಿಂದ ಕ್ಯಾರವಾನ್ ಬಾಡಿಗೆಗೆ ತಂದು ಕಬಿನಿ ಹಿನ್ನೀರಿಗೋ ಕೊಡಗಿಗೋ ಹೊರಟವರು ಈಗ ಅಪರೂಪವಲ್ಲ. ಇವರ ಸಾಮಾನಿನ ಪಟ್ಟಿಗೆ ಹೊಸದಾಗಿ ಸೇರಿದ ವಸ್ತು, ಹೊತ್ತೊಯ್ಯುವ ಸೋಲಾರ್ ಪ್ಯಾನೆಲ್. ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ವಾಟ್, ಎಷ್ಟು ಬೆಲೆ, ಎಷ್ಟು ವರ್ಷದ ವಾರಂಟಿ ಎಂದು. ದಾರಿಯಲ್ಲಿ ಅದನ್ನು ಎಲ್ಲಿಡುತ್ತೀರಿ ಎಂಬ ಪ್ರಶ್ನೆಯನ್ನು ಮಾರುವವರೂ ಎತ್ತುವುದಿಲ್ಲ, ಕೊಳ್ಳುವವರೂ ಎತ್ತುವುದಿಲ್ಲ. ಮೊದಲು ಕೇಳಬೇಕಾದ್ದು ಇದನ್ನೇ ಎಂಬುದು ನನ್ನ ವಾದ. ತಿರುಗಾಡುವ ಪ್ಯಾನೆಲ್‌ನ ಆಯುಷ್ಯವನ್ನು ತೀರ್ಮಾನಿಸುವುದು ಬಿಸಿಲಿಗಿಂತ ಹೆಚ್ಚಾಗಿ ರಸ್ತೆ.

ಕಾರಣ ಪ್ಯಾನೆಲ್‌ನ ರಚನೆಯಲ್ಲೇ ಇದೆ. ಮೇಲೆ ಕಾಣುವ ಟಫನ್ಡ್ ಗಾಜು ಸಾಮಾನ್ಯವಾಗಿ 3.2 ಮಿ.ಮೀ. ದಪ್ಪದ್ದು, ಗಟ್ಟಿಮುಟ್ಟಾದದ್ದು. ಅದರಡಿ ಅಂಟಿನ ಪದರದಲ್ಲಿ ಹುದುಗಿರುವ ಸಿಲಿಕಾನ್ ಬಿಲ್ಲೆಗಳ ದಪ್ಪ ಮಾತ್ರ 0.15ರಿಂದ 0.18 ಮಿ.ಮೀ. ಗಾಜು ಒಡೆದರೆ ಕಣ್ಣಿಗೆ ಕಾಣುತ್ತದೆ. ಬಿಲ್ಲೆ ಬಿರುಕು ಬಿಟ್ಟರೆ ಕಾಣುವುದಿಲ್ಲ. ಅದನ್ನು ಹಿಡಿಯಲು ಕತ್ತಲಲ್ಲಿ ಪ್ಯಾನೆಲ್‌ಗೆ ವಿದ್ಯುತ್ ಹರಿಸಿ, ಅದು ಹೊಮ್ಮಿಸುವ ಮಂದ ಕಿರಣವನ್ನು ವಿಶೇಷ ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕು. ಬಿಲ್ಲೆಗಳೆಲ್ಲ ಒಂದರ ಹಿಂದೆ ಒಂದು ಜೋಡಣೆಯಾಗಿರುವುದರಿಂದ ಒಂದರಲ್ಲಿ ಹರಿವು ತಗ್ಗಿದರೆ ಇಡೀ ಸಾಲು ಸೊರಗುತ್ತದೆ, ಆ ಜಾಗ ಕಾದು ಇನ್ನಷ್ಟು ಹಾಳಾಗುತ್ತದೆ. ಹೀಗಾಗಿ ಇಂದು ಹಂಪ್ ಮೇಲೆ ಬಿದ್ದ ಏಟಿನ ಫಲ ಮುಂದೊಂದು ದಿನ ಬ್ಯಾಟರಿ ತುಂಬದೆ ಉಳಿದಾಗ ತಿಳಿಯುತ್ತದೆ. ಆಗ ನಾವು ದೂರುವುದು ಮೋಡವನ್ನು, ಬ್ಯಾಟರಿಯನ್ನು, ಕಂಪನಿಯನ್ನು.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೋಲಾರ್ ಪಾರ್ಕಿನ ಪ್ಯಾನೆಲ್‌ಗಳನ್ನು ನೆನೆಯಿರಿ. ಅಂಥ ಪ್ಯಾನೆಲ್ ಕಾರ್ಖಾನೆ ಬಿಟ್ಟು ಹೊಲ ಸೇರುವವರೆಗೆ ಮಾತ್ರ ಪಯಣಿಸುತ್ತದೆ, ಆಮೇಲೆ ನಿಂತಲ್ಲೇ ದುಡಿಯುತ್ತದೆ. ಪ್ಯಾನೆಲ್ ಸಾಗಣೆಯ ಪರೀಕ್ಷೆಗೆಂದೇ ಐಇಸಿ 62759-1 ಎಂಬ ಅಂತರರಾಷ್ಟ್ರೀಯ ಮಾನಕ 2015ರಲ್ಲಿ ಬಂತು; ಅದು ನೋಡುವುದೂ ಪೆಟ್ಟಿಗೆ ಕಟ್ಟಿ ಲಾರಿಗೇರಿಸಿದ ಪ್ಯಾನೆಲ್‌ಗಳ ಸಾಗಣೆಯನ್ನೇ. ಪ್ರವಾಸಿಯ ಪ್ಯಾನೆಲ್ ಬೆಳಗ್ಗೆ ಬಿಚ್ಚಿಕೊಂಡು, ಸಂಜೆ ಮಡಚಿಕೊಂಡು, ಬರಿಮೈಯಲ್ಲಿ ದಿನದಿನವೂ ಪಯಣಿಸುತ್ತದೆ. ಹೊಲದ ಪ್ಯಾನೆಲ್‌ಗೆ ಹೇಳಿದ 25 ವರ್ಷದ ಲೆಕ್ಕವನ್ನು ಇದಕ್ಕೆ ಹಚ್ಚಿಕೊಂಡು ಕೂರುವುದು ತಪ್ಪು.

ಹಾಗಿದ್ದರೆ ಪ್ಯಾನೆಲನ್ನು ಗಾಡಿಯ ಚಾವಣಿಗೇ ಭದ್ರವಾಗಿ ಬಿಗಿದುಬಿಟ್ಟರಾಗದೇ? ಈ ಪ್ರಶ್ನೆಗೆ ಮೈಸೂರಿನಲ್ಲಿ ಸಿಗುವ ಉತ್ತರ ಯುರೋಪಿನಲ್ಲಿ ಸಿಗುವುದಿಲ್ಲ. ಅಲ್ಲಿ ಸೂರ್ಯ ತಗ್ಗಿನಲ್ಲೇ ಓಡಾಡುವುದರಿಂದ ಪ್ಯಾನೆಲನ್ನು ಓರೆಯಾಗಿ ನಿಲ್ಲಿಸಬೇಕು. ಬಿಡಿ ಪ್ಯಾನೆಲ್‌ಗಳ ದೊಡ್ಡ ಹೆಚ್ಚುಗಾರಿಕೆಯೇ ಅದು. ಮೈಸೂರು ಇರುವುದು ಉತ್ತರ ಅಕ್ಷಾಂಶ 12.3 ಡಿಗ್ರಿಯಲ್ಲಿ. ಏಪ್ರಿಲ್ ನಾಲ್ಕನೇ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಾಚೆ ಇನ್ನೊಮ್ಮೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್ ಡಿಸೆಂಬರಿನ ನಡುಹಗಲಲ್ಲಿ ಸುಮಾರು ಐದನೇ ಒಂದು ಭಾಗ ಬಿಸಿಲು ಕಳೆದುಕೊಂಡರೂ, ವರ್ಷದ ಲೆಕ್ಕದಲ್ಲಿ ಓರೆ ಇಡುವುದರಿಂದ ಸಿಗುವ ಲಾಭ ನೂರಕ್ಕೆ ಎರಡು ಮೂರರಷ್ಟೇ. ಅಂದರೆ ಓರೆಯ ವಾದ ಇಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ನೆರಳಿನ ವಾದ. ಚಾವಣಿಯ ಪ್ಯಾನೆಲ್ ದುಡಿಯಬೇಕಾದರೆ ಗಾಡಿ ಬಿಸಿಲಲ್ಲಿ ನಿಲ್ಲಬೇಕು, ಒಳಗಿರುವವರು ಬೇಯಬೇಕು. ಬಿಡಿ ಪ್ಯಾನೆಲ್ ಇದ್ದರೆ ಗಾಡಿಯನ್ನು ಹುಣಸೆ ಮರದಡಿ ನಿಲ್ಲಿಸಿ, ತಂತಿ ಎಳೆದು ಪ್ಯಾನೆಲನ್ನು ಬಯಲಿನಲ್ಲಿಡಬಹುದು. ನಮ್ಮ ಬೇಸಿಗೆಯಲ್ಲಿ ಇದು ದೊಡ್ಡ ಅನುಕೂಲ. ಆದ್ದರಿಂದ ಬಿಡಿ ಪ್ಯಾನೆಲ್ ಒಯ್ಯುವ ಪದ್ಧತಿಯನ್ನು ನಾನು ಒಪ್ಪುತ್ತೇನೆ. ಅದನ್ನು ಒಯ್ಯುವ ರೀತಿಯನ್ನು ಮಾತ್ರ ಒಪ್ಪಲಾರೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ರೂಢಿ ಹಾಸಿಗೆಯ ಕೆಳಗೆ ಸೇರಿಸುವುದು. ಜಾಗ ಉಳಿಯುತ್ತದೆ, ಮೆತ್ತೆಯೂ ಸಿಕ್ಕಿತು ಎಂಬ ಸಮಾಧಾನ. ಪ್ಯಾನೆಲ್‌ಗಳನ್ನು 2,400 ಪಾಸ್ಕಲ್ ಒತ್ತಡಕ್ಕೆ, ಅಂದರೆ ಚದರ ಮೀಟರಿಗೆ ಸುಮಾರು 245 ಕಿಲೊ ಭಾರಕ್ಕೆ ಪರೀಕ್ಷಿಸಿರುತ್ತಾರೆ ನಿಜ. ಆದರೆ ಅದು ಮೈತುಂಬ ಸಮನಾಗಿ ಹರಡಿದ ಭಾರ. ಹಾಸಿಗೆಯ ಮೇಲೆ ಮಂಡಿಯೂರಿ ಕಿಟಕಿ ತೆರೆಯುವವರ ಭಾರ ಅಂಗೈಯಗಲದ ಜಾಗದಲ್ಲಿ ಬೀಳುತ್ತದೆ. ಗಾಜು ಬಾಗಿ ಮತ್ತೆ ನೆಟ್ಟಗಾಗುತ್ತದೆ, ಒಳಗಿನ ಬಿಲ್ಲೆ ಸೀಳುತ್ತದೆ. ಕಾರಿನ ಡಿಕ್ಕಿಯಲ್ಲಿ ಮಲಗಿಸಿ ಮೇಲೆ ಚೀಲ, ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್ ಹೇರುವುದು ಇನ್ನೂ ಕೆಟ್ಟದ್ದು. ಸಿಲಿಂಡರಿನ ತಳದ ಉಂಗುರದ ಅಂಚು ಪ್ರತಿ ಗುಂಡಿಗೂ ಅದೇ ಜಾಗಕ್ಕೆ ಬಡಿಯುತ್ತದೆ.

ಎರಡನೆಯ ರೂಢಿ ಟ್ರೈಲರಿನ ಮುಂಭಾಗದ ಡ್ರಾಬಾರ್ ಮೇಲೆ ಪೆಟ್ಟಿಗೆ ಕೂರಿಸಿ ಅದರಲ್ಲಿಡುವುದು. ಇಳಿಸಲು ಸುಲಭ. ಆದರೆ ಎಳೆಯುವ ವಾಹನದ ಚಕ್ರ ಚಿಮ್ಮಿಸುವ ಜಲ್ಲಿಯೂ ಕೆಸರೂ ನೇರ ಬಂದು ಬಡಿಯುವುದು ಅಲ್ಲಿಗೇ. ಟ್ರೈಲರಿನ ಎರಡು ತುದಿಗಳು ಆಕ್ಸಲ್ ಇರುವ ನಡುಭಾಗಕ್ಕಿಂತ ಹೆಚ್ಚು ಕುಪ್ಪಳಿಸುತ್ತವೆ ಎಂಬುದನ್ನೂ ಮರೆಯಬಾರದು. ಮೂರನೆಯದು ಚಾಸಿಯ ಕೆಳಗೆ ಜಾರುವ ಡ್ರಾಯರ್. ಹೊರದೇಶದ ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲಕ್ಕೆ 10 ಸೆಂ.ಮೀ. ಎತ್ತರದ್ದು, ನಿಧಾನವಾಗಿ ಏರಿ ಇಳಿಯುವಂಥದ್ದು. ಊರೂರಿನ ಮುಂದೆ ಗುಡ್ಡೆ ಹಾಕಿದ ಹಂಪ್‌ಗಳು ಈ ಅಳತೆಗೆ ಸಿಗುವುದಿಲ್ಲ. ನೆಲಕ್ಕೆ ಹತ್ತಿರವಿರುವ ಡ್ರಾಯರ್ ಒಂದಲ್ಲ ಒಂದು ಕಡೆ ಉಜ್ಜಿಯೇ ಉಜ್ಜುತ್ತದೆ, ಮಳೆಗಾಲದಲ್ಲಿ ನೀರು ತುಂಬಿಕೊಳ್ಳುತ್ತದೆ. ಈ ಎರಡೂ ವಿಧಾನಗಳನ್ನು ನಮ್ಮ ರಸ್ತೆಗೆ ನಾನು ಶಿಫಾರಸು ಮಾಡಲಾರೆ.

ಸರಿಯಾದ ವಿಧಾನ ನಮ್ಮ ಬೀದಿಯಲ್ಲೇ ಓಡಾಡುತ್ತಿದೆ. ಗ್ಲಾಸ್ ಅಂಗಡಿಯಿಂದ ಗೂಡ್ಸ್ ಆಟೊದಲ್ಲಿ ಗಾಜು ಸಾಗಿಸುವವರನ್ನು ಗಮನಿಸಿ. ಅವರು ಗಾಜನ್ನು ಮಲಗಿಸುವುದಿಲ್ಲ. ಮರದ ಓರೆ ಚೌಕಟ್ಟಿಗೆ ಉದ್ದದ ಅಂಚು ಕೆಳಗಾಗಿ ನಿಲ್ಲಿಸಿ, ನಡುವೆ ಕಾಗದವನ್ನೋ ರಬ್ಬರನ್ನೋ ಕೊಟ್ಟು, ಅಲುಗದಂತೆ ಬಿಗಿಯುತ್ತಾರೆ. ನಿಂತ ಗಾಜಿನ ಭಾರವನ್ನು ಅದರ ಅಂಚೇ ಹೊರುತ್ತದೆ. ಕುಲುಕಾಟಕ್ಕೆ ಮೈ ಬಳುಕುವುದಿಲ್ಲ. ಪ್ಯಾನೆಲ್‌ಗೂ ಇದೇ ನ್ಯಾಯ. ಟ್ರೈಲರಿನ ಒಳಗೋಡೆಗೆ ಒತ್ತಿ, ಆಕ್ಸಲ್‌ಗೆ ಹತ್ತಿರವಾಗಿ, ನೆಲಮಟ್ಟದಲ್ಲಿ, ಪ್ಯಾನೆಲ್ ನಿಲ್ಲುವಷ್ಟೇ ಅಗಲದ ಒಂದು ಗೂಡು ಸಾಕು. ಎರಡು ಪ್ಯಾನೆಲ್ ಇದ್ದರೆ ಗಾಜಿಗೆ ಗಾಜು ಎದುರಾಗಿ, ನಡುವೆ ದಪ್ಪ ಬಟ್ಟೆ. ತಳಕ್ಕೆ, ಇಕ್ಕೆಲಕ್ಕೆ ಲಾರಿ ಟ್ಯೂಬಿನ ಪಟ್ಟಿ. ಮೇಲೆ ಅಗಲದ ಬೆಲ್ಟು. ಎಳೆದರೆ ಹಿಗ್ಗುವ ಎಲಾಸ್ಟಿಕ್ ಹಗ್ಗ ಬೇಡ, ಅದು ಕುಣಿತವನ್ನು ತಡೆಯುವುದಿಲ್ಲ.

ಇದನ್ನು ಮಾಡಿಸಲು ದೂರ ಹೋಗಬೇಕಿಲ್ಲ. ಮೈಸೂರಿನ ಮೇಟಗಳ್ಳಿ, ಹೆಬ್ಬಾಳು, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ತಗಡು ಬಗ್ಗಿಸುವ, ಅಲ್ಯೂಮಿನಿಯಂ ಚಾನಲ್ ಕತ್ತರಿಸುವ, ವೆಲ್ಡಿಂಗ್ ಮಾಡುವ ಕೈಗಳಿವೆ. 1997ರಲ್ಲಿ ಜೆ.ಕೆ. ಟೈರ್ ತೆಕ್ಕೆಗೆ ಹೋದ ವಿಕ್ರಾಂತ್ ಟೈರ್ಸ್ ಕಾರ್ಖಾನೆ ಇರುವುದೂ ಈ ಊರಿನ ಕೆ.ಆರ್.ಎಸ್. ರಸ್ತೆಯಲ್ಲೇ. ರಬ್ಬರು ಭಾರವನ್ನು ಹೇಗೆ ಹೊರುತ್ತದೆ, ಏಟನ್ನು ಹೇಗೆ ನುಂಗುತ್ತದೆ ಎಂದು ಬಲ್ಲವರು ಇಲ್ಲಿನ ಮನೆಮನೆಯಲ್ಲಿದ್ದಾರೆ. ಹೊರದೇಶದಿಂದ ದುಬಾರಿ ಚೀಲ ತರಿಸುವ ಬದಲು ಇವರ ಮುಂದೆ ಪ್ಯಾನೆಲಿನ ಅಳತೆ ಇಟ್ಟು ಕೇಳಿದರೆ ಇನ್ನೂ ಒಳ್ಳೆಯದು ಸಿಗುತ್ತದೆ ಎಂಬ ನಂಬಿಕೆ ನನಗಿದೆ. ಗೂಡು ಗಾಡಿಯೊಳಗೇ ಇರುವುದರಿಂದ ಇನ್ನೊಂದು ನೆಮ್ಮದಿಯೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಡನ್ನು ಅದರ 52ನೇ ಸೆಕ್ಷನ್ ಒಪ್ಪುವುದಿಲ್ಲ. ಹೊರಗೆ ಚಾಚಿಕೊಂಡ ಸ್ಟ್ಯಾಂಡುಗಳಿಗೆ ಬರಬಹುದಾದ ತಕರಾರು ಒಳಗಿನ ಗೂಡಿಗೆ ಬರುವ ಸಂಭವ ಕಡಿಮೆ.

ಬಟ್ಟೆಯಂತೆ ಮಡಚುವ ಪ್ಯಾನೆಲ್‌ಗಳ ಬಗ್ಗೆ ಎರಡು ಮಾತು. 200 ವಾಟಿನ ಗಾಜಿನ ಸೂಟ್‌ಕೇಸ್ ಪ್ಯಾನೆಲ್ 15 ಕಿಲೊ ಮೀರಿದರೆ ಇವು ಅದರ ಅರ್ಧ ತೂಗುತ್ತವೆ, ವಯಸ್ಸಾದವರೂ ಎತ್ತಬಲ್ಲರು. ಆದರೆ ಒಳಗಿರುವುದು ಅದೇ ತೆಳು ಸಿಲಿಕಾನ್. ಮಡಿಕೆ ಬೀಳಬೇಕಾದ ಗೆರೆಯಲ್ಲಿ ಬಿಟ್ಟು ಬೇರೆಲ್ಲೂ ಬಗ್ಗಬಾರದು. ಸಂದಿಯಲ್ಲಿ ತುರುಕಲು ಇದು ಜಮಖಾನವಲ್ಲ. ಇವುಗಳ ನಿಜವಾದ ಶತ್ರು ತೇವ. ಕೊಡಗಿನ ಜಡಿಮಳೆಯಲ್ಲಿ ಒದ್ದೆಯಾದದ್ದನ್ನು ಹಾಗೇ ಮಡಚಿ ಚೀಲಕ್ಕೆ ಹಾಕಿದರೆ ಹೊಲಿಗೆಯಲ್ಲಿ ಬೂಷ್ಟು ಹಿಡಿಯುತ್ತದೆ, ಪದರ ಬಿಡುತ್ತದೆ. ಮುಚ್ಚಿದ ಗಾಡಿಯೊಳಗಿನ ಬೇಸಿಗೆಯ ಕಾವಿಗೆ ಹೆದರುವವರು ಬಹಳ. ಆದರೆ ಪ್ಯಾನೆಲ್‌ಗಳು ಸಾಮಾನ್ಯವಾಗಿ 85 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವಂತೆ ತಯಾರಾಗಿರುತ್ತವೆ. ಕಾವಿಗಿಂತ ತೇವಕ್ಕೇ ಹೆಚ್ಚು ಅಂಜಬೇಕು. ತಂತಿಯನ್ನು ಪ್ಯಾನೆಲ್ ಸುತ್ತ ಬಿಗಿಯಾಗಿ ಸುತ್ತದೆ ಬೇರೆ ಚೀಲದಲ್ಲಿಡಿ, ಕನೆಕ್ಟರ್ ಬಾಯಿಗೆ ಮುಚ್ಚಳ ಹಾಕಿ. ಬಿಸಿಲು ಬೀಳುತ್ತಿರುವವರೆಗೂ ಪ್ಯಾನೆಲ್‌ನಲ್ಲಿ ವಿದ್ಯುತ್ ಇರುತ್ತದೆ. ಬಿಚ್ಚುವ ಮುನ್ನ ಮೇಲೆ ಕಂಬಳಿ ಹೊದಿಸುವುದು ಕಿಡಿಯಿಂದ ಕನೆಕ್ಟರನ್ನೂ ಕೈಯನ್ನೂ ಕಾಪಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೂ ಮೂಲದ ಪ್ರಶ್ನೆಯೊಂದು ಉಳಿಯುತ್ತದೆ. ಪ್ಯಾನೆಲ್ ಪ್ರತಿ ಪ್ರವಾಸಕ್ಕೂ ಬರಲೇಬೇಕೆ? 1995ರಲ್ಲಿ ಶುರುವಾದ ಬೆಂಗಳೂರಿನ ಸೆಲ್ಕೊ ಸಂಸ್ಥೆ ಬೀದಿ ವ್ಯಾಪಾರಿಗಳಿಗೆ ಸೋಲಾರ್ ಬೆಳಕು ಕೊಡಲು ಹೊರಟಾಗ ತಳ್ಳುಗಾಡಿಗೆ ಪ್ಯಾನೆಲ್ ಕಟ್ಟಲಿಲ್ಲ. ಒಂದೆಡೆ ನೆಲೆನಿಂತ ಪ್ಯಾನೆಲ್‌ಗಳಿಂದ ಬ್ಯಾಟರಿ ತುಂಬಿಸಿ, ಸಂಜೆ ವ್ಯಾಪಾರಿಗಳಿಗೆ ಬಾಡಿಗೆಗೆ ತಲುಪಿಸುವ ದಾರಿ ಹುಡುಕಿತು. ಗಾಜು ನೆಲೆ ನಿಲ್ಲಲಿ, ಬ್ಯಾಟರಿ ಓಡಾಡಲಿ ಎಂಬ ಈ ವಿವೇಕವನ್ನು ಪ್ರವಾಸಿಗಳು ಕಲಿಯಬೇಕು. 12.8 ವೋಲ್ಟ್, 100 ಆಂಪೇರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ 1,280 ವಾಟ್-ಅವರ್ ಇರುತ್ತದೆ. ದಿನಕ್ಕೆ 500 ವಾಟ್-ಅವರ್ ಸಾಕಾಗುವ ಸಣ್ಣ ಕುಟುಂಬಕ್ಕೆ ಶನಿವಾರ, ಭಾನುವಾರದ ತಿರುಗಾಟ ಇದರಲ್ಲೇ ಮುಗಿಯುತ್ತದೆ. ಅಂಥ ಪ್ರಯಾಣಕ್ಕೆ ಪ್ಯಾನೆಲ್ ಮನೆಯ ತಾರಸಿಯಲ್ಲೇ ಇರಲಿ. ಎರಡು ದಿನಕ್ಕೆ ಮೀರಿದ, ಊರಿಂದ ದೂರ ತಂಗುವ ಪ್ರವಾಸಕ್ಕೆ ಮಾತ್ರ ಅದು ಗಾಡಿ ಏರಲಿ.

ಒಯ್ದದ್ದು ದಾರಿಯಲ್ಲಿ ಕೆಟ್ಟಿತೇ ಎಂದು ತಿಳಿಯಲು ವರ್ಷಕ್ಕೊಮ್ಮೆಯಾದರೂ ನೋಡಬೇಕು. ಬಿರುಕು ಬಿಟ್ಟ ಪ್ಯಾನೆಲ್‌ನ ವೋಲ್ಟೇಜ್ ಬಹುಮಟ್ಟಿಗೆ ಮೊದಲಿನಂತೆಯೇ ಇದ್ದು ಮೋಸ ಮಾಡುತ್ತದೆ, ತಗ್ಗುವುದು ಆಂಪೇರ್. ಹೊಸದಾಗಿ ತಂದ ದಿನವೇ ನಿಚ್ಚಳ ಬಿಸಿಲಿನ ನಡುಹಗಲು, ಬ್ಯಾಟರಿ ಅರ್ಧ ಖಾಲಿ ಇರುವಾಗ ಚಾರ್ಜ್ ಕಂಟ್ರೋಲರ್ ತೋರಿಸುವ ಆಂಪೇರ್ ಬರೆದಿಡಿ. ಮೈಸೂರಿನವರಿಗೆ ಗಾಡಿ ತೊಳೆದು ಪೂಜೆ ಮಾಡುವ ಆಯುಧಪೂಜೆ ಇದ್ದೇ ಇದೆ. ಅದೇ ವಾರದಲ್ಲಿ ಬಿಸಿಲು ಬಿದ್ದ ದಿನ ಮತ್ತೆ ಅಳೆದು ಹೋಲಿಸಿದರೆ ನಿಮ್ಮ ಸಾಗಣೆಯ ಗುಣದೋಷ ಅಂಕಿಯಲ್ಲೇ ಗೊತ್ತಾಗುತ್ತದೆ.

ಸೋಲಾರ್ ಪ್ಯಾನೆಲನ್ನು ಇಂಧನ ಬೇಡದ, ಹೊಗೆಯಿಲ್ಲದ ವಸ್ತು ಎಂದು ಮೆಚ್ಚುತ್ತೇವೆ. ಆ ಮೆಚ್ಚುಗೆ ಅದು ಬಾಳಿದಷ್ಟು ಕಾಲ ಮಾತ್ರ ನಿಜ. ಅದರ ತಯಾರಿಕೆಗೆ ಸುರಿದ ವಿದ್ಯುತ್ತು, ಕರಗಿಸಿದ ಸಿಲಿಕಾನು, ಗಾಜು, ಅಲ್ಯೂಮಿನಿಯಂ ಎಲ್ಲವೂ ವರ್ಷಗಟ್ಟಲೆ ದುಡಿದು ತೀರಿಸಬೇಕಾದ ಸಾಲ. ಎರಡೇ ವರ್ಷದಲ್ಲಿ ಹಾಸಿಗೆಯಡಿ ನುಜ್ಜಾಗಿ ಕಸ ಸೇರುವ ಪ್ಯಾನೆಲ್ ಆ ಸಾಲವನ್ನು ಭೂಮಿಯ ತಲೆಗೆ ಕಟ್ಟಿ ಹೋಗುತ್ತದೆ. ಆದ್ದರಿಂದ ಗಾಡಿ ಕಟ್ಟಿಸುವವರಿಗೂ ಕಟ್ಟಿಕೊಡುವವರಿಗೂ ನನ್ನ ಕೋರಿಕೆ ಒಂದೇ: ಹಾಸಿಗೆ, ಒಲೆ, ಫ್ರಿಜ್ಜಿನ ಜಾಗ ಗುರುತಿಸುವ ಮೊದಲ ನಕ್ಷೆಯಲ್ಲೇ ಪ್ಯಾನೆಲ್ ನಿಲ್ಲುವ ಗೂಡನ್ನೂ ಬರೆಯಿರಿ. ಅದಕ್ಕೆ ಜಾಗ ಸಾಲದಿದ್ದರೆ ಪ್ಯಾನೆಲ್ ಬಿಟ್ಟು ಇನ್ನೊಂದು ಬ್ಯಾಟರಿ ಕೊಳ್ಳಿ.